ಮೈಮರೆಯುವುದೂ ಮೈಮೇಲೆ ಎಚ್ಚರ ಇರುವುದೂ

ಹೋದ ತಿಂಗಳು ಒಂದು ಬೆಳಗ್ಗೆ ತಾರಸಿ ಮೇಲೆ ಸೂರ್ಯ ನಮಸ್ಕಾರ ಮಾಡುತ್ತಿದ್ದೆ. ದಿನಾ ಹನ್ನೆರಡು ಮಾಡುವುದು ರೂಢಿ. ನಡುವೆ ಒಮ್ಮೆ ಎದ್ದು ನಿಂತಾಗ ಇದು ಏಳನೆಯದೋ ಎಂಟನೆಯದೋ ಎಂಬ ಅನುಮಾನ ಬಂತು. ಎಷ್ಟು ಯೋಚಿಸಿದರೂ ಲೆಕ್ಕ ಸಿಗಲಿಲ್ಲ. ಅಷ್ಟು ಹೊತ್ತೂ ತಲೆಯೊಳಗೆ ಆಫೀಸಿನ ಮೀಟಿಂಗ್ ನಡೆಯುತ್ತಿತ್ತು. ಅವರು ಹೀಗಂದರೆ ನಾನು ಏನನ್ನಬೇಕು, ಅದಕ್ಕೂ ಮುಂಚೆ ಆ ಹಳೇ ಇಮೇಲ್ ಹುಡುಕಿಟ್ಟುಕೊಳ್ಳಬೇಕು, ಹೀಗೆ. ಕೈ ಮೇಲೆದ್ದಿತ್ತು, ಬೆನ್ನು ಬಾಗಿತ್ತು, ಕಾಲು ಹಿಂದಕ್ಕೆ ಹೋಗಿತ್ತು. ಮೈ ತನ್ನ ಪಾಡಿಗೆ ಎರಡೋ ಮೂರೋ ನಮಸ್ಕಾರ ಮುಗಿಸಿತ್ತು. ನಾನು ಮಾತ್ರ ಅಲ್ಲಿರಲಿಲ್ಲ.

ಅದೇ ಭಾನುವಾರ ಅಮ್ಮನ ಮನೆಯಲ್ಲಿ ಅಕ್ಕಿ ಆರಿಸಲು ಕೂತೆ. ಊರಿಂದ ಬಂದ ಅಕ್ಕಿ. ಕಲ್ಲು, ಭತ್ತ, ನುಚ್ಚು ಎಲ್ಲವೂ ಇತ್ತು. ಮೊರಕ್ಕೆ ಒಂದು ಪಾವು ಸುರಿದುಕೊಂಡು, ಎಲ್ಲವನ್ನೂ ಆಚೆ ತುದಿಗೆ ಸರಿಸಿ, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಈಚೆಗೆ ಎಳೆದುಕೊಳ್ಳುತ್ತಾ ನೋಡಬೇಕು. ಮೊದಲ ಐದು ನಿಮಿಷ ಬೇಜಾರು. ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ. ಆಮೇಲೆ ಕಣ್ಣು ಪಳಗಿತು. ಅಕ್ಕಿಯದೇ ಬಣ್ಣದ ಬಿಳಿ ಕಲ್ಲು ಕೂಡ ಎದ್ದು ಕಾಣತೊಡಗಿತು. ಅಕ್ಕಿಯ ಹೊಳಪು ಬೇರೆ, ಕಲ್ಲಿನ ಹೊಳಪು ಬೇರೆ. ಕಣ್ಣು ನೋಡುವುದಕ್ಕೂ ಬೆರಳು ಅಲ್ಲಿಗೆ ಹೋಗುವುದಕ್ಕೂ ನಡುವೆ ಸಂದೇ ಇರಲಿಲ್ಲ. “ಕತ್ತಲಲ್ಲೇ ಕೂತಿದೀಯಲ್ಲ, ಲೈಟ್ ಹಾಕ್ಲಾ?” ಎಂದು ಅಮ್ಮ ಕೇಳಿದಾಗಲೇ ಹೊತ್ತು ಮುಳುಗಿದ್ದು ತಿಳಿದದ್ದು. ಪಕ್ಕದ ಡಬ್ಬ ತುಂಬಿತ್ತು.

ಎರಡೂ ಸಲ ನನಗೆ ನನ್ನ ಪರಿವೆ ಇರಲಿಲ್ಲ. ಆದರೆ ತಾರಸಿಯಿಂದ ಇಳಿಯುವಾಗ ದಣಿದಿದ್ದೆ, ಮೊರದ ಮುಂದಿನಿಂದ ಏಳುವಾಗ ಹಗುರಾಗಿದ್ದೆ. ಯಾಕೆ?

ಯೋಗ, ಧ್ಯಾನ, ಮೈಂಡ್‌ಫುಲ್‌ನೆಸ್, ಫ್ಲೋ ಎಂಬ ಮಾತುಗಳು ಈಗ ಒಟ್ಟೊಟ್ಟಿಗೇ ಕೇಳಿಬರುತ್ತವೆ. ‘ಈ ಕ್ಷಣದಲ್ಲಿ ಎಚ್ಚರವಾಗಿರಿ’ ಎನ್ನುತ್ತಾರೆ. ಮರುಕ್ಷಣವೇ ‘ನಿಮ್ಮನ್ನೇ ಮರೆತು ಮುಳುಗಿಬಿಡಿ’ ಎಂದೂ ಹೇಳುತ್ತಾರೆ. ಎಚ್ಚರವಾಗಿರುವುದಾ, ಮರೆಯುವುದಾ? ಬಹಳ ದಿನ ನನಗೆ ಇದು ಬಗೆಹರಿದಿರಲಿಲ್ಲ.

ಕನ್ನಡದಲ್ಲಿ ಈ ಎರಡಕ್ಕೂ ಮಾತಿದೆ, ಎರಡರಲ್ಲೂ ‘ಮೈ’ ಇದೆ. ಒಂದು ‘ಮೈಮರೆಯುವುದು’, ಇನ್ನೊಂದು ‘ಮೈಮೇಲೆ ಎಚ್ಚರ ಇರುವುದು’. ಮೈಮರೆಯುವುದರಲ್ಲೇ ಮತ್ತೆ ಎರಡು ಬಗೆ. ಅವರು ಮೈಮರೆತು ಹಾಡಿದರು ಅಂದರೆ ಹೊಗಳಿಕೆ. ಅವನು ಮೈಮರೆತು ಗಾಡಿ ಓಡಿಸಿದ ಅಂದರೆ ಬೈಗುಳ. ಪದ ಒಂದೇ, ಆದರೆ ಹಾಡುವವರು ಮರೆತದ್ದು ಒಂದು, ಗಾಡಿ ಓಡಿಸಿದವನು ಮರೆತದ್ದು ಇನ್ನೊಂದು. ಏನನ್ನು ಮರೆತರು ಎಂಬುದು ಗೊತ್ತಾದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ.

ಮನಸ್ಸು ಎಲ್ಲಿಗೆ ಹೋಗುತ್ತದೆ

ತಾರಸಿ ಮೇಲೆ ನನಗಾದದ್ದು ಎಲ್ಲರಿಗೂ ಆಗುವಂಥದ್ದೇ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಅಳೆದು ನೋಡಿದರು. 2,250 ಜನರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸುತ್ತಿದ್ದರು. ಈಗ ಏನು ಮಾಡುತ್ತಿದ್ದೀರಿ? ಮನಸ್ಸು ಅದರಲ್ಲೇ ಇದೆಯಾ, ಬೇರೆ ಕಡೆ ಇದೆಯಾ? ಹೇಗನ್ನಿಸುತ್ತಿದೆ? ಬಂದ ಉತ್ತರಗಳಲ್ಲಿ ಶೇಕಡಾ 46.9ರಷ್ಟು ಸಲ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲಿಲ್ಲ. ಅಂದರೆ ಎಚ್ಚರವಿರುವ ಹೊತ್ತಿನಲ್ಲಿ ಹತ್ತಿರ ಹತ್ತಿರ ಅರ್ಧ.

ನನಗೆ ಆ ಅಧ್ಯಯನದಲ್ಲಿ ಇದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು ವಿಷಯ. ಮನಸ್ಸು ಬೇರೆ ಕಡೆ ಹೋದಾಗ ಜನರಿಗೆ ಖುಷಿ ಕಡಿಮೆ ಇತ್ತು. ಸಿಹಿಯಾದ ವಿಚಾರಕ್ಕೇ ಹೋಗಿದ್ದರೂ, ಕೆಲಸದಲ್ಲೇ ಇದ್ದವರಿಗಿಂತ ಅವರ ಖುಷಿ ಜಾಸ್ತಿ ಏನೂ ಇರಲಿಲ್ಲ. ಹಗಲುಗನಸು ಕಾಣುತ್ತಾ ಪಾತ್ರೆ ತೊಳೆಯುವುದು ಬರೀ ಪಾತ್ರೆ ತೊಳೆಯುವುದಕ್ಕಿಂತ ಸುಖ ಎಂದು ನಾವು ನಂಬಿರುತ್ತೇವೆ, ಅಲ್ವಾ? ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ.

ಮನಸ್ಸಿನ ಈ ಓಡಾಟಕ್ಕೆ ಮಿದುಳಿನಲ್ಲೂ ಒಂದು ಗುರುತಿದೆ. ಅಮೆರಿಕದ ಮಾರ್ಕಸ್ ರೇಯ್ಕಲ್ ಎಂಬ ನರವಿಜ್ಞಾನಿ ಮತ್ತು ಅವರ ಜೊತೆಗಾರರು 2001ರಲ್ಲಿ ಇದನ್ನು ವಿವರಿಸಿದರು. ಸ್ಕ್ಯಾನರ್ ಒಳಗೆ ಸುಮ್ಮನೆ ಮಲಗಿದವರ ಮಿದುಳು ಸುಮ್ಮನಿರುವುದಿಲ್ಲ. ಕೆಲವು ಭಾಗಗಳು ಆಗಲೂ ಜೋರಾಗಿ ಕೆಲಸ ಮಾಡುತ್ತಿರುತ್ತವೆ. ಕೈಗೊಂದು ಕೆಲಸ ಕೊಟ್ಟರೆ ಅವೇ ಭಾಗಗಳು ತಣ್ಣಗಾಗುತ್ತವೆ. ಇವನ್ನು ಒಟ್ಟಾಗಿ ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಎಂದು ಕರೆಯುತ್ತಾರೆ. ನಿನ್ನೆಯದನ್ನು ಮೆಲುಕು ಹಾಕುವುದು, ನಾಳೆಯದನ್ನು ಊಹಿಸುವುದು, ‘ಅವರು ನನ್ನ ಬಗ್ಗೆ ಏನಂದುಕೊಂಡರೋ’ ಎಂದು ಕೊರಗುವುದು, ಇಂಥ ಹೊತ್ತಿನಲ್ಲಿ ಈ ಜಾಲ ಚುರುಕಾಗಿರುತ್ತದೆ. ಧ್ಯಾನದಲ್ಲಿ ಪಳಗಿದವರಲ್ಲಿ ಇದರ ಮುಖ್ಯ ಭಾಗಗಳು ಉಳಿದವರಿಗಿಂತ ಶಾಂತವಾಗಿರುವುದನ್ನು 2011ರ ಇನ್ನೊಂದು ಅಧ್ಯಯನ ತೋರಿಸಿತು.

ಇದನ್ನು ಓದಿ ಮನಸ್ಸಿನ ಓಡಾಟವನ್ನೇ ಶತ್ರು ಮಾಡಿಕೊಳ್ಳಬಾರದು. ನಾಳೆ ಊರಿಗೆ ಹೋಗಲು ಎಷ್ಟು ಹೊತ್ತಿಗೆ ಬಸ್ಸು ಹಿಡಿಯಬೇಕು, ಮಗುವಿಗೆ ಜ್ವರ ಬಂದರೆ ಏನು ಮಾಡಬೇಕು ಎಂದು ಮುಂಚೆಯೇ ಯೋಚಿಸುವ ಶಕ್ತಿ ಇರುವುದರಿಂದಲೇ ಸಂಸಾರ ನಡೆಯುತ್ತಿದೆ. ಕಷ್ಟ ಬರುವುದು ಕರೆಯದೇ ಹೋದಾಗ, ಹೋದದ್ದೇ ನಮಗೆ ತಿಳಿಯದಿದ್ದಾಗ. ನನ್ನ ತಾರಸಿಯ ಕಥೆಯಲ್ಲಿ ಮೀಟಿಂಗಿನ ಬಗ್ಗೆ ಯೋಚಿಸಿದ್ದು ತಪ್ಪಲ್ಲ. ಯೋಚಿಸುತ್ತಿದ್ದೇನೆ ಎಂಬುದು ಗೊತ್ತಿರಲಿಲ್ಲ ಎಂಬುದೇ ತೊಡಕು.

ಹರಿವು

ಇನ್ನು ಮೊರದ ಮುಂದೆ ಆದದ್ದು. ಇದಕ್ಕೆ ‘ಫ್ಲೋ’, ಅಂದರೆ ಹರಿವು, ಎಂದು ಹೆಸರಿಟ್ಟವರು ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. ಹಂಗೇರಿಯ ಮೂಲದ ಮನಶ್ಶಾಸ್ತ್ರಜ್ಞರು, 1934ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಷಿಕಾಗೋದಲ್ಲಿ ಓದುತ್ತಿದ್ದಾಗ ಚಿತ್ರ ಬರೆಯುವವರನ್ನು ಹತ್ತಿರದಿಂದ ಗಮನಿಸಿದರು. ಬರೆಯುವಾಗ ಅವರಿಗೆ ಹಸಿವು, ಆಯಾಸ ಯಾವುದೂ ಗೊತ್ತಾಗುತ್ತಿರಲಿಲ್ಲ. ಆದರೆ ಚಿತ್ರ ಮುಗಿದದ್ದೇ ತಡ, ಅದನ್ನು ಗೋಡೆಗೆ ಒರಗಿಸಿಟ್ಟು ಮರೆತೇಬಿಡುತ್ತಿದ್ದರು. ಹಣ ಬರುತ್ತದೆ, ಹೆಸರು ಬರುತ್ತದೆ ಎಂಬ ಆಸೆಯಿಂದ ಬರೆಯುತ್ತಿದ್ದಾರೆ ಎನ್ನಲು ಆಗುವಂತಿರಲಿಲ್ಲ. ಬರೆಯುವುದರಲ್ಲೇ ಅವರಿಗೆ ಸಿಗಬೇಕಾದ್ದು ಸಿಗುತ್ತಿತ್ತು. ಮುಂದೆ ಬೆಟ್ಟ ಹತ್ತುವವರು, ಚೆಸ್ ಆಡುವವರು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು, ಹೀಗೆ ಹಲವರನ್ನು ಮಾತಾಡಿಸಿದಾಗ ಅನೇಕರು ಒಂದೇ ಹೋಲಿಕೆ ಕೊಟ್ಟರು. ನೀರಿನ ಸೆಳೆತ ನಮ್ಮನ್ನು ತನ್ನಷ್ಟಕ್ಕೆ ಕರೆದುಕೊಂಡು ಹೋದ ಹಾಗೆ ಎಂದರು. ಹೆಸರು ಬಂದದ್ದು ಅಲ್ಲಿಂದ.

ಹರಿವು ಸಿಗಬೇಕಾದರೆ ಮೂರು ವಿಷಯ ಕೂಡಿಬರಬೇಕು ಎಂದು ಅವರು ಕಂಡುಕೊಂಡರು. ಈಗ ಏನು ಮಾಡಬೇಕು ಎಂಬುದು ಸ್ಪಷ್ಟವಾಗಿರಬೇಕು. ಮಾಡಿದ್ದು ಸರಿಯಾಯಿತೋ ಇಲ್ಲವೋ ಆಗಿಂದಾಗಲೇ ತಿಳಿಯಬೇಕು. ಕೆಲಸದ ಕಷ್ಟ ನಮ್ಮ ಕೈಯಳತೆಗೆ ಸರಿಹೊಂದಬೇಕು. ಕಷ್ಟ ಜಾಸ್ತಿಯಾದರೆ ಗಾಬರಿ, ಕಡಿಮೆಯಾದರೆ ಬೇಜಾರು. ಅಕ್ಕಿಯನ್ನೇ ನೋಡಿ. ಕಲ್ಲು ತೆಗೆಯಬೇಕು, ಇದಕ್ಕಿಂತ ಸ್ಪಷ್ಟವಾದ ಗುರಿ ಬೇರೇನು? ತೆಗೆದೆನೋ ಇಲ್ಲವೋ ಕಣ್ಣೆದುರೇ ಇದೆ. ಎಲ್ಲ ಕಲ್ಲೂ ಕಪ್ಪಗಿದ್ದಿದ್ದರೆ ಐದೇ ನಿಮಿಷಕ್ಕೆ ಸಾಕಾಗುತ್ತಿತ್ತು. ಬಿಳಿ ಕಲ್ಲು ಇದ್ದದ್ದರಿಂದ ಕಣ್ಣಿಗೆ ಕೆಲಸ ಸಿಕ್ಕಿತು.

1970ರ ದಶಕದಲ್ಲಿ ಚಿಕ್‌ಸೆಂಟ್‌ಮಿಹಾಯ್ ಜನರ ಸೊಂಟಕ್ಕೆ ಪೇಜರ್ ಕಟ್ಟಿ ಕಳಿಸುತ್ತಿದ್ದರು. ಅದು ಸದ್ದು ಮಾಡಿದಾಗಲೆಲ್ಲ ಆಗ ಏನು ಮಾಡುತ್ತಿದ್ದೆವು, ಹೇಗನ್ನಿಸುತ್ತಿತ್ತು ಎಂದು ಪುಸ್ತಕದಲ್ಲಿ ಬರೆಯಬೇಕು. ಹಾರ್ವರ್ಡಿನವರ ಫೋನಿನ ಪ್ರಶ್ನೆಗೆ ಇದೇ ಹಿರಿಯಕ್ಕ. ಈ ವಿಧಾನದಿಂದ ಮುಂದೆ ತಿಳಿದುಬಂದ ಒಂದು ಸಂಗತಿ ನನ್ನನ್ನು ಇವತ್ತಿಗೂ ಯೋಚನೆಗೆ ಹಚ್ಚುತ್ತದೆ. ಜನರಿಗೆ ಬಿಡುವಿನ ಹೊತ್ತಿಗಿಂತ ಕೆಲಸದ ಹೊತ್ತಿನಲ್ಲೇ ಹರಿವು ಹೆಚ್ಚು ಸಿಗುತ್ತಿತ್ತು. ಆದರೂ ಅದೇ ಜನ ಕೆಲಸದಲ್ಲಿದ್ದಾಗ, ಇದು ಬಿಟ್ಟು ಬೇರೇನಾದರೂ ಮಾಡುವಂತಿದ್ದರೆ ಎಂದು ಬಯಸುತ್ತಿದ್ದರು. ಬಿಡುವಿನಲ್ಲಿ ಸಿಗುವ ಹೆಚ್ಚಿನದು ಟಿವಿ. ಅದರಲ್ಲಿ ಗುರಿಯಿಲ್ಲ, ಕೈಗೆ ಕೆಲಸವಿಲ್ಲ.

ಈಗ ಟಿವಿಯ ಜಾಗಕ್ಕೆ ಫೋನ್ ಬಂದಿದೆ. ರಾತ್ರಿ ಊಟವಾದ ಮೇಲೆ ಐದು ನಿಮಿಷ ಎಂದು ರೀಲ್ಸ್ ತೆಗೆದರೆ ಒಂದು ಗಂಟೆ ಹೋಗಿರುತ್ತದೆ. ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹಾಗಾದರೆ ಅದೂ ಹರಿವೇ? ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಆದರೆ ಫೋನ್ ಕೆಳಗಿಟ್ಟ ಮೇಲೆ ಏನೆಲ್ಲ ನೋಡಿದೆ ಎಂದು ಕೇಳಿಕೊಂಡರೆ ಮೂರು ವಿಡಿಯೊ ಕೂಡ ನೆನಪಾಗುವುದಿಲ್ಲ. ಕಣ್ಣು ಉರಿಯುತ್ತಿರುತ್ತದೆ, ಮನಸ್ಸು ಮಂಕಾಗಿರುತ್ತದೆ. ಮೊರದ ಮುಂದೆ ಗಮನವನ್ನು ಹಿಡಿದದ್ದು ನಾನು. ಫೋನಿನ ಮುಂದೆ ಗಮನವನ್ನು ಬೇರೆಯವರು ಹಿಡಿದಿರುತ್ತಾರೆ. ಗಾಡಿ ಓಡಿಸುವವನ ಮೈಮರೆವೂ ಇದೇ ಜಾತಿಯದು. ಆಫೀಸಿನಿಂದ ಮನೆಗೆ ಬಂದು ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದಾಗ, ದಾರಿಯಲ್ಲಿ ಯಾವ ಸಿಗ್ನಲ್ಲಿನಲ್ಲಿ ನಿಂತೆ ಎಂಬುದೇ ನೆನಪಿಲ್ಲದ ದಿನಗಳು ನಮಗೆಲ್ಲ ಇವೆ. ಅದನ್ನು ನೆನೆದರೆ ಎದೆ ಝಲ್ಲೆನ್ನಬೇಕು.

ಚಾಪೆಯ ಮೇಲೆ

ಹರಿವಿನ ಬಗ್ಗೆ ಬರೆಯುತ್ತಾ ಚಿಕ್‌ಸೆಂಟ್‌ಮಿಹಾಯ್ ಯೋಗದ ಕಡೆಗೂ ಬಂದರು. ಎರಡಕ್ಕೂ ತುಂಬಾ ಹೋಲಿಕೆ ಇದೆ, ಯೋಗ ಬಹಳ ಯೋಚಿಸಿ ಕಟ್ಟಿದ ಹರಿವಿನ ಅಭ್ಯಾಸ ಎಂಬ ಅರ್ಥದ ಮಾತು ಹೇಳಿದರು. ಅವರು ಮೈಸೂರಿನ ಯಾವುದಾದರೂ ಯೋಗಶಾಲೆಯಲ್ಲಿ ಒಂದು ಬೆಳಗ್ಗೆ ಕೂತು ನೋಡಿದ್ದರೆ ಇನ್ನೂ ಖಚಿತವಾಗಿ ಹೇಳುತ್ತಿದ್ದರು ಅನಿಸುತ್ತದೆ.

ಈಗ ಜಗತ್ತಿನ ತುಂಬ ‘ಮೈಸೂರ್ ಸ್ಟೈಲ್’ ಎಂದು ಕರೆಯುವ ಅಭ್ಯಾಸದ ಬೇರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಚಿತ್ರದುರ್ಗದ ಕಡೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಸರೆಯಲ್ಲಿ 1933ರಲ್ಲಿ ಅಲ್ಲಿ ಯೋಗಶಾಲೆ ನಡೆಸತೊಡಗಿದರು. ಮರುವರ್ಷ ಆಸನಗಳ ಬಗ್ಗೆ ಅವರು ಬರೆದ ‘ಯೋಗ ಮಕರಂದ’ ಕನ್ನಡದಲ್ಲೇ ಬಂತು. ಹಾಸನದ ಹತ್ತಿರದ ಕೌಶಿಕದ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಉಸಿರಿಗೆ ಚಲನೆಯನ್ನು ಪೋಣಿಸುವ ವಿನ್ಯಾಸ ಕ್ರಮ ಹೊರದೇಶಗಳಿಗೆ ಹರಡಿದ್ದು ಹೆಚ್ಚಾಗಿ ಈ ದಾರಿಯಿಂದ.

ಇಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಮೇಷ್ಟ್ರು ಹೇಳಿದಂತೆ ಮಾಡುವುದಿಲ್ಲ. ಆಸನಗಳ ಕ್ರಮ ಮೊದಲೇ ನಿಗದಿಯಾಗಿದೆ, ಅದು ಬಾಯಿಪಾಠವಾಗಿರಬೇಕು. ಒಂದೇ ಕೋಣೆಯಲ್ಲಿ ಒಬ್ಬೊಬ್ಬರು ಒಂದೊಂದು ಹಂತದಲ್ಲಿರುತ್ತಾರೆ. ಮಾತಿಲ್ಲ, ಸಂಗೀತವಿಲ್ಲ, ಕೇಳುವುದು ಉಸಿರಿನ ಸದ್ದು ಮಾತ್ರ. ಕಲಿಸುವವರು ನಡುವೆ ಓಡಾಡುತ್ತಾ, ಒಂದು ಆಸನ ಹದಕ್ಕೆ ಬಂದ ಮೇಲೆ ಮುಂದಿನದನ್ನು ಕೊಡುತ್ತಾರೆ. ಹರಿವಿನ ಮೂರು ಷರತ್ತುಗಳನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಮುಂದೇನು ಎಂಬ ಗೊಂದಲವೇ ಇಲ್ಲ, ಕ್ರಮ ಗೊತ್ತಿದೆ. ಸರಿಯಾಯಿತೋ ಇಲ್ಲವೋ ಎಂದು ತೊಡೆ, ಬೆನ್ನು, ಉಸಿರು ಆ ಕ್ಷಣವೇ ಹೇಳುತ್ತವೆ. ಹದಕ್ಕೆ ಬಂದ ಮೇಲೆಯೇ ಮುಂದಿನದು ಸಿಗುವುದರಿಂದ ಕಷ್ಟ ಮತ್ತು ಕೈಯಳತೆ ಒಂದಕ್ಕೊಂದು ಹತ್ತಿರವೇ ಇರುತ್ತವೆ.

ಒಂದು ಸೂರ್ಯ ನಮಸ್ಕಾರವನ್ನು ನಿಧಾನವಾಗಿ ಬಿಡಿಸಿ ನೋಡೋಣ. ಈ ಪದ್ಧತಿಯ ಮೊದಲನೆಯ ನಮಸ್ಕಾರದಲ್ಲಿ ಒಂಬತ್ತು ಎಣಿಕೆ. ‘ಏಕಂ’ ಅಂದಾಗ ಉಸಿರು ಒಳಗೆ, ಕೈ ಮೇಲೆ, ಕಣ್ಣು ಹೆಬ್ಬೆರಳಿನ ಮೇಲೆ. ‘ದ್ವೇ’, ಉಸಿರು ಹೊರಗೆ, ಮುಂದಕ್ಕೆ ಬಾಗಿ ಕಣ್ಣು ಮೂಗಿನ ತುದಿಗೆ. ‘ತ್ರೀಣಿ’, ಉಸಿರು ಒಳಗೆ, ತಲೆ ಎತ್ತಿ. ‘ಚತ್ವಾರಿ’, ಉಸಿರು ಬಿಡುತ್ತಾ ಕಾಲು ಹಿಂದಕ್ಕೆ, ಮೈ ನೆಲಕ್ಕೆ ಸಮವಾಗಿ ಕೆಳಕ್ಕೆ. ‘ಪಂಚ’, ಉಸಿರೆಳೆದು ಎದೆ ಮೇಲಕ್ಕೆ. ‘ಷಟ್’, ಉಸಿರು ಬಿಟ್ಟು ಸೊಂಟ ಮೇಲೆತ್ತಿ ಬೆಟ್ಟದಂತೆ ನಿಂತು ಐದು ಉಸಿರು. ಆಮೇಲೆ ‘ಸಪ್ತ’, ‘ಅಷ್ಟೌ’, ‘ನವ’ ಎಂದು ಬಂದ ದಾರಿಯಲ್ಲೇ ವಾಪಸು. ಪ್ರತಿ ಎಣಿಕೆಗೂ ಒಂದು ಚಲನೆ, ಅರ್ಧ ಉಸಿರು, ಕಣ್ಣಿಗೊಂದು ಜಾಗ. ಮೈ, ಉಸಿರು, ನೋಟ ಮೂರಕ್ಕೂ ಕೆಲಸ ಹಂಚಿದ್ದಾರೆ. ಮನಸ್ಸಿಗೆ ಮೀಟಿಂಗಿಗೆ ಹೋಗಲು ಬಾಗಿಲೇ ಇಲ್ಲದ ಹಾಗೆ ಕಟ್ಟಿದ್ದಾರೆ. ಆದರೂ ಹೋಗುತ್ತದೆ, ಅದು ಬೇರೆ ಮಾತು. ನಾನು ಅವತ್ತು ಉಸಿರನ್ನು ಬಿಟ್ಟು ಬರೀ ಚಲನೆಯನ್ನು ಇಟ್ಟುಕೊಂಡಿದ್ದೆ. ಮೂರು ಹುರಿಯ ಹಗ್ಗದಲ್ಲಿ ಎರಡು ಹುರಿ ಕಳಚಿತ್ತು.

ಉಸಿರನ್ನೇ ಯಾಕೆ ಹಿಡಿಯಬೇಕು? ತಾನಾಗಿಯೂ ನಡೆಯುವ, ಬೇಕೆಂದಾಗ ನಾವೂ ನಡೆಸಬಹುದಾದ ಕೆಲಸ ಮೈಯಲ್ಲಿ ಬಹಳ ಕಡಿಮೆ. ಎದೆಬಡಿತಕ್ಕೆ ‘ನಿಧಾನ’ ಎಂದು ನೇರವಾಗಿ ಹೇಳಲಾಗುವುದಿಲ್ಲ, ಉಸಿರಿಗೆ ಹೇಳಬಹುದು. ಉಸಿರು ಹೇಳಿದ್ದನ್ನು ಎದೆ ಕೇಳುತ್ತದೆ. ಬೇಕಾದರೆ ಈಗಲೇ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಿ. ಉಸಿರು ಎಳೆದುಕೊಳ್ಳುವಾಗ ನಾಡಿ ಸ್ವಲ್ಪ ಬೇಗ ಹೊಡೆಯುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರ ಉಸಿರು ಬಿಡುವಾಗ ಎದೆಬಡಿತಕ್ಕೆ ಕಡಿವಾಣ ಹಾಕುತ್ತದೆ. ಉದ್ದಕ್ಕೆ ಉಸಿರು ಬಿಟ್ಟರೆ ಸಮಾಧಾನ ಅನಿಸುವುದರ ಹಿಂದೆ ಇದೇ ಇದೆ.

ಸಂಗೀತ ಕಲಿತವರಿಗೆ ಇನ್ನೊಂದು ಹೋಲಿಕೆ ಹೇಳಿದರೆ ಬೇಗ ಹಿಡಿಸೀತು. ಆದಿತಾಳ ಹಾಕುವಾಗ ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ (ಹುಸಿ ಅಂದರೆ ಅಂಗೈ ಮೇಲೆ ಮಾಡಿ ಬೀಸುವುದು). ಒಟ್ಟು ಎಂಟು. ಕಲಿಯುವಾಗ ಇಡೀ ಗಮನ ಕೈಮೇಲೆ. ಸ್ವರ ತಪ್ಪಿದರೂ ಸರಿ, ಬೆರಳು ತಪ್ಪಬಾರದು. ವರ್ಷಗಳು ಕಳೆದ ಮೇಲೆ ಕೈ ತನ್ನ ಪಾಡಿಗೆ ನಡೆಯುತ್ತದೆ, ಆ ಕ್ಷಣಕ್ಕೆ ಹೊಳೆದು ಹಾಡುವ ಕಲ್ಪನಾಸ್ವರ ಎಲ್ಲೆಲ್ಲೋ ಹಾರಿ ಸರಿಯಾಗಿ ಎಡುಪಿಗೆ, ಅಂದರೆ ತಾಳದಲ್ಲಿ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಬಂದು ಇಳಿಯುತ್ತದೆ. ಹಾಡುವವರು ಮೈಮರೆತಿದ್ದಾರೆ ಎನ್ನುತ್ತೇವೆ. ತಾಳ ಮರೆತಿದ್ದಾರಾ? ಇಲ್ಲ. ಶ್ರುತಿ ಮರೆತಿದ್ದಾರಾ? ಇಲ್ಲವೇ ಇಲ್ಲ. ಅವರು ಮರೆತದ್ದು ‘ನಾನು ಹೇಗೆ ಹಾಡುತ್ತಿದ್ದೇನೆ, ಮುಂದಿನ ಸಾಲಿನಲ್ಲಿ ಕೂತವರು ಏನಂದುಕೊಳ್ಳುತ್ತಿದ್ದಾರೆ’ ಎಂಬ ಒಳಗಿನ ಮಾತನ್ನು. ಗಾಡಿ ಓಡಿಸಿದವನು ಮರೆತದ್ದು ರಸ್ತೆಯನ್ನು, ಒಳಗಿನ ಮಾತು ಅವನಲ್ಲಿ ಜೋರಾಗಿಯೇ ಇತ್ತು.

ಇಷ್ಟೇ ವ್ಯತ್ಯಾಸ. ನನಗೆ ಇದು ತಿಳಿಯಲು ಬಹಳ ವರ್ಷ ಹಿಡಿಯಿತು.

ಪತಂಜಲಿಯ ಯೋಗಸೂತ್ರಗಳನ್ನು ಈ ಕಣ್ಣಿನಿಂದ ಓದಿದರೆ ಒಂದು ಚಿಕ್ಕ ಪದ ಹೊಳೆಯುತ್ತದೆ. ಇನ್ನೂರಕ್ಕೆ ಹತ್ತಿರದ ಸೂತ್ರಗಳಲ್ಲಿ ಆಸನಕ್ಕೆ ನೇರವಾಗಿ ಮೀಸಲಾದದ್ದು ಮೂರೇ. ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು, ಅದಕ್ಕೆ ಬಿಗಿ ಪ್ರಯತ್ನ ಸಡಿಲವಾಗಬೇಕು ಎಂದು ಅಲ್ಲಿದೆ. ಮನಸ್ಸಿನ ವಿಚಾರ ಮೂರನೆಯ ಭಾಗದ ಆರಂಭದಲ್ಲಿ ಬರುತ್ತದೆ. ಮನಸ್ಸನ್ನು ಒಂದು ಕಡೆ ಕಟ್ಟುವುದು ಧಾರಣೆ. ಅಲ್ಲೇ ಅದು ಒಂದೇ ಸಮ ಹರಿದರೆ ಧ್ಯಾನ. ಹಿರಿಯರು ಇದಕ್ಕೆ ಎಣ್ಣೆಯ ಹೋಲಿಕೆ ಕೊಡುತ್ತಾರೆ. ನೀರು ಹನಿಹನಿಯಾಗಿ ಬೀಳುವ ಹಾಗೆ ಧಾರಣೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ಎಣ್ಣೆಯ ಧಾರೆಯ ಹಾಗೆ ಧ್ಯಾನ. ಎಳೆ ಕಡಿಯುವುದಿಲ್ಲ. ಆ ಧ್ಯಾನದಲ್ಲಿ ಹಿಡಿದ ವಸ್ತುವೊಂದೇ ಬೆಳಗುತ್ತಾ, ತಾನು ಎಂಬುದು ಇಲ್ಲವೇನೋ ‘ಎಂಬಂತೆ’ ಆದರೆ ಅದು ಸಮಾಧಿ. ಸೂತ್ರದಲ್ಲಿ ಇರುವುದು ‘ಸ್ವರೂಪಶೂನ್ಯಮಿವ’. ಕೊನೆಯ ‘ಇವ’ ಅಂದರೆ ‘ಎಂಬಂತೆ’. ಇಲ್ಲವಾಗಿಬಿಟ್ಟಿತು ಎಂದು ಪತಂಜಲಿ ಹೇಳುವುದಿಲ್ಲ, ಇಲ್ಲವೇನೋ ಎಂಬಂತೆ ಎನ್ನುತ್ತಾನೆ. ಆ ಒಂದು ಪದದ ಮುಂದೆ ನಾನು ಎಷ್ಟೋ ದಿನ ನಿಂತಿದ್ದೇನೆ.

ಅಕ್ಕಿ ಆರಿಸಿದ ಸಂಜೆಯನ್ನು ಸಮಾಧಿ ಎನ್ನುತ್ತಿಲ್ಲ. ಹಾಗೆ ಸಮ ಮಾಡುವುದು ಅಗ್ಗದ ಮಾತಾಗುತ್ತದೆ. ಹರಿವು ನಮ್ಮ ಗುರಿಗಳ ಒಳಗೇ ನಡೆಯುವ ಅನುಭವ. ಯೋಗ ಆ ಗುರಿಗಳನ್ನೂ ದಾಟುವ ಮಾತಾಡುತ್ತದೆ. ಹರಿವು ಜೂಜಿನಲ್ಲೂ ಸಿಗುತ್ತದೆ, ಕಳ್ಳತನದಲ್ಲೂ ಸಿಕ್ಕೀತು. ಯೋಗಸೂತ್ರ ಆಸನಕ್ಕಿಂತ ಮುಂಚೆ ಅಹಿಂಸೆ, ಸತ್ಯ, ಕದಿಯದಿರುವುದು ಎಂದು ಶುರುಮಾಡುವುದು ಸುಮ್ನೆ ಅಲ್ಲ. ಆದರೆ ಎರಡರ ಹೊಸ್ತಿಲು ಒಂದೇ, ಒಂದು ಕಡೆ ನಿಲ್ಲುವ ಗಮನ.

ಹಾಗಾದರೆ ಎಚ್ಚರಕ್ಕೂ ಹರಿವಿಗೂ ಏನು ಸಂಬಂಧ? ಎರಡೂ ಒಂದೇ ಕ್ಷಣದಲ್ಲಿ ಇರಬಲ್ಲವೇ ಎಂಬ ಬಗ್ಗೆ ಮನಶ್ಶಾಸ್ತ್ರದವರಲ್ಲೂ ಚರ್ಚೆ ಇದೆ. ‘ನಾನು ಈಗ ಉಸಿರನ್ನು ಗಮನಿಸುತ್ತಿದ್ದೇನೆ’ ಎಂದು ತಿಳಿದಿರುವುದು ಎಚ್ಚರ. ಆ ತಿಳಿವಳಿಕೆಯ ಮಾತೂ ಕರಗಿ ಉಸಿರೊಂದೇ ಉಳಿಯುವುದು ಹರಿವು. ನನ್ನ ಅನುಭವದಲ್ಲಿ ಇವು ಸರದಿಯಲ್ಲಿ ಬರುತ್ತವೆ. ಎಚ್ಚರವನ್ನು ನಾನು ಮಾಡಬಹುದು. ಹರಿವನ್ನು ಮಾಡಲಾಗುವುದಿಲ್ಲ. ಹೆಪ್ಪು ಹಾಕಿದ ಹಾಗೆ. ಹಾಲನ್ನು ಬೆಚ್ಚಗೆ ಮಾಡಬಹುದು, ಒಂದು ಚಮಚ ಮಜ್ಜಿಗೆ ಬಿಡಬಹುದು, ಮುಚ್ಚಿಡಬಹುದು. ಮೊಸರಾಗುವುದು ಅದರ ಕೆಲಸ. ಆಯಿತಾ ಆಯಿತಾ ಎಂದು ಮುಚ್ಚಳ ತೆಗೆದು ಅಲ್ಲಾಡಿಸಿದರೆ ಗಟ್ಟಿಯಾಗುವುದೇ ಇಲ್ಲ. ‘ಈಗ ನಾನು ಹರಿವಿನಲ್ಲಿದ್ದೇನಾ’ ಎಂದು ಕೇಳಿಕೊಂಡರೆ ಆಗುವುದೂ ಅದೇ.

ಚಾಪೆ ಮಡಿಸಿದ ಮೇಲೆ

ಬೆಳಗ್ಗೆ ಅರ್ಧ ಗಂಟೆ ಚಾಪೆಯ ಮೇಲೆ ಎಚ್ಚರವಾಗಿದ್ದು, ಉಳಿದ ದಿನವೆಲ್ಲ ಕೈ ಒಂದು ಕಡೆ ಮನಸ್ಸು ಒಂದು ಕಡೆ ಇದ್ದರೆ ಲೆಕ್ಕ ಸರಿಹೋಗುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆಯ್ದಕ್ಕಿ ಮಾರಯ್ಯನ ಕಾಯಕ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಕಾಯಕದಲ್ಲಿ ನಿರತನಾದವನು ಗುರುವಿನ ದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಎಂದು ಅವನ ವಚನ ಹೇಳುತ್ತದೆ. ಕಾಯಕವೇ ಕೈಲಾಸ ಎಂಬ ಮಾತು ಬರುವುದು ಅದರ ಬೆನ್ನಿಗೇ. ನಾವು ಆ ಮಾತನ್ನು ಆಫೀಸಿನ ಗೋಡೆಗೆ ಬರೆದು, ಜಾಸ್ತಿ ದುಡಿಯಿರಿ ಎಂಬ ಅರ್ಥ ಮಾಡಿಬಿಟ್ಟಿದ್ದೇವೆ. ಮಾರಯ್ಯ ಎಷ್ಟು ದುಡಿಯಬೇಕು ಎಂದು ಹೇಳುತ್ತಿಲ್ಲ, ದುಡಿಯುವಾಗ ಮನಸ್ಸು ಎಲ್ಲಿರಬೇಕು ಎಂದು ಹೇಳುತ್ತಿದ್ದಾನೆ. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಹೇಳಿದಳೆಂಬ ಕಥೆ ನಮಗೆಲ್ಲ ಗೊತ್ತಿರುವುದೇ. ಆಯುವುದರಲ್ಲಿ ಇದ್ದ ಮನಸ್ಸು ಅಕ್ಕಿಯ ರಾಶಿಯ ಕಡೆ ಹೋದದ್ದನ್ನು ಅವಳು ಗುರುತಿಸಿದಳು ಎಂದೇ ನಾನು ಓದಿಕೊಳ್ಳುತ್ತೇನೆ.

ದಿನದ ಎಲ್ಲ ಕೆಲಸವನ್ನೂ ಹೀಗೆ ಮಾಡಲು ಹೋದರೆ ಎರಡೇ ದಿನಕ್ಕೆ ಕೈಬಿಡುತ್ತೇವೆ. ಒಂದೇ ಒಂದನ್ನು ಆರಿಸಿಕೊಳ್ಳಿ. ನನಗೆ ಬೆಳಗಿನ ಕಾಫಿ. ಫಿಲ್ಟರಿಗೆ ಪುಡಿ ಹಾಕಿ, ಒತ್ತಿ, ಬಿಸಿನೀರು ಸುರಿಯುವುದರಿಂದ ಮೊದಲ ಗುಟುಕಿನವರೆಗೆ ಫೋನ್ ಮುಟ್ಟುವುದಿಲ್ಲ. ಡಿಕಾಕ್ಷನ್ ಇಳಿಯುವ ಸದ್ದು ಕೇಳುತ್ತದೆ ಎಂಬುದೇ ನನಗೆ ಮೊದಲು ಗೊತ್ತಿರಲಿಲ್ಲ. ಇನ್ನೊಬ್ಬರಿಗೆ ಅದು ಬಾಗಿಲ ಮುಂದಿನ ಚುಕ್ಕಿ ರಂಗೋಲಿ ಆಗಬಹುದು, ಹೂ ಕಟ್ಟುವುದಾಗಬಹುದು. ಕೆಲಸ ತೀರಾ ಸುಲಭವಾಗಿ ಬೇಜಾರು ಬಂದರೆ ಸ್ವಲ್ಪ ಕಷ್ಟ ಮಾಡಿಕೊಳ್ಳಿ. ದಿನಾ ಹಾಕುವ ರಂಗೋಲಿಗೆ ಎರಡು ಸಾಲು ಚುಕ್ಕಿ ಜಾಸ್ತಿ ಇಟ್ಟರೆ ಎಳೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಕಣ್ಣು ತಾನಾಗೇ ಎಚ್ಚೆತ್ತುಕೊಳ್ಳುತ್ತದೆ.

ಮನಸ್ಸು ಹೋದಾಗ ಬೈದುಕೊಳ್ಳುವುದು ಬೇಡ. ‘ಛೆ, ಮತ್ತೆ ಹೋಯಿತು’ ಎಂದು ಮರುಗುವುದೂ ಒಂದು ಓಡಾಟವೇ. ಹೋಗಿದೆ ಎಂದು ತಿಳಿದ ಆ ಕ್ಷಣದಲ್ಲಿ ನೀವಾಗಲೇ ವಾಪಸು ಬಂದಿರುತ್ತೀರಿ. ಚಂಚಲ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಕರೆತರಬೇಕು ಎಂದು ಗೀತೆಯ ಆರನೆಯ ಅಧ್ಯಾಯ ಹೇಳುವುದು ಇದನ್ನೇ. ಹೋಗಲೇಬಾರದು ಎಂದು ಅಲ್ಲಿಲ್ಲ. ವ್ಯಾಯಾಮದಲ್ಲಿ ಭಾರ ಎತ್ತಿದಾಗ ತೋಳು ಬಲವಾಗುವ ಹಾಗೆ, ಪ್ರತಿಸಲ ಕರೆತಂದಾಗಲೂ ಗಮನ ಬಲವಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವರಿಗೆ ಕಣ್ಣುಮುಚ್ಚಿ ಉಸಿರು ಗಮನಿಸಿದರೆ ಸಮಾಧಾನದ ಬದಲು ಉಸಿರು ಕಟ್ಟಿದಂತಾಗಿ ಎದೆ ಹೊಡೆದುಕೊಳ್ಳುತ್ತದೆ. ಹಳೆಯ ಆಘಾತ ಇದ್ದವರಿಗೆ, ಆತಂಕದ ಕಾಯಿಲೆ ಇದ್ದವರಿಗೆ ಇದು ಆಗಬಹುದು. ಅಂಥವರು ಹಠ ಹಿಡಿಯಬಾರದು. ಕಣ್ಣು ತೆರೆದೇ ಇರಲಿ, ಗಮನ ಅಂಗಾಲಿನ ಮೇಲೆ ಇರಲಿ, ನೆಲ ತಣ್ಣಗಿದೆಯೋ ಒರಟಾಗಿದೆಯೋ ನೋಡಿ. ಅಥವಾ ಕಿವಿಗೆ ಬೀಳುವ ಸದ್ದನ್ನು ಹಿಡಿಯಿರಿ. ತೊಂದರೆ ಹೆಚ್ಚಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಯೋಗ ಅದರ ಬದಲಿಗೆ ಅಲ್ಲ, ಜೊತೆಗೆ.

ಇವತ್ತು ಬೆಳಗ್ಗೆ ತಾರಸಿಯಲ್ಲಿ ಮೂರನೆಯ ನಮಸ್ಕಾರದವರೆಗೆ ಎಣಿಕೆ ಜೊತೆಗೇ ಇತ್ತು. ನಾಲ್ಕನೆಯದರಲ್ಲಿ ಎಲ್ಲಿಗೋ ಹೋದೆ. ಪಕ್ಕದ ಮನೆಯ ಕುಕ್ಕರ್ ಕೂಗಿದಾಗ ‘ಷಟ್’ನಲ್ಲಿ ನಿಂತಿದ್ದೆ, ಅಂಗೈ ಕೆಳಗೆ ಸಿಮೆಂಟು ಇನ್ನೂ ತಣ್ಣಗಿತ್ತು. ಅದು ಎರಡನೆಯ ಉಸಿರೋ ಮೂರನೆಯದೋ ತಿಳಿಯಲಿಲ್ಲ. ಒಂದರಿಂದ ಮತ್ತೆ ಎಣಿಸಿದೆ.